ಕಾರವಾರಕ್ಕೆ ಬಂದ ಸನ್ನದು

ನನ್ನ ಹಿರಿಯ ಸ್ನೇಹಿತರೊಬ್ಬರು, ನಿವೃತ್ತ ಅಧ್ಯಾಪಕರು, ಪೊಲೀಸ್ ಉಡುಪು ತೊಟ್ಟವನೊಬ್ಬನ ವಿಡಿಯೊ ಕರೆಗೆ ಓಗೊಟ್ಟು, ಎರಡು ದಿನ ತಮ್ಮ ಮನೆಯ ಕೋಣೆಯಲ್ಲಿಯೇ ಸೆರೆಯಾಳಿನಂತೆ ಕುಳಿತರು. ಮೂರನೆಯ ದಿನ ನೋಡಿದರೆ ಜೀವಮಾನದ ಉಳಿತಾಯದ ಬಹುಭಾಗ ಬ್ಯಾಂಕಿನಿಂದ ಹೊರಟುಹೋಗಿತ್ತು. ದೂರು ಕೊಟ್ಟರು, ಒಂದು ಸಂಖ್ಯೆ ಸಿಕ್ಕಿತು, ಹಣ ಸಿಕ್ಕಲಿಲ್ಲ. ಮೊಮ್ಮಗ ಗಣಕಯಂತ್ರದ ವಿದ್ಯೆ ಕಲಿತ ಹುಡುಗ. "ಅಜ್ಜಾ, ಆ ಕಳ್ಳರ ಯಂತ್ರಕ್ಕೆ ನಾನೇ ಕನ್ನ ಹಾಕುತ್ತೇನೆ. ಹಣ ಬಾರದಿದ್ದರೂ ಅವರ ಲೆಕ್ಕಪತ್ರವನ್ನೆಲ್ಲ ಅಳಿಸಿಬಿಡಬಹುದು" ಎಂದನಂತೆ. ಸ್ನೇಹಿತರು ನನ್ನಲ್ಲಿಗೆ ಬಂದು, "ನೀವು ಚರಿತ್ರೆ ಓದಿದವರು. ಕಳ್ಳನ ಮನೆಗೆ ಕನ್ನ ಹಾಕಿದರೆ ತಪ್ಪೇನು, ಹೇಳಿ" ಎಂದರು.

ಕಾನೂನಿನ ಉತ್ತರ ಚಿಕ್ಕದು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ್ದು, ಒಡೆಯನ ಅನುಮತಿಯಿಲ್ಲದೆ ಪರರ ಯಂತ್ರವನ್ನು ಹೊಕ್ಕು ಕೆಡಿಸುವುದನ್ನು ಅಪರಾಧವೆನ್ನುತ್ತದೆ; ಒಡೆಯನೇ ಕಳ್ಳನಾಗಿದ್ದರೆ ಅಡ್ಡಿಯಿಲ್ಲವೆಂಬ ವಿನಾಯಿತಿ ಅದರಲ್ಲಿಲ್ಲ. ಆದರೆ ಸ್ನೇಹಿತರು ಕೇಳಿದ್ದು ಕಾನೂನನ್ನಲ್ಲ, ನ್ಯಾಯವನ್ನು. ಆ ಪ್ರಶ್ನೆಗೆ ಏಳುನೂರು ವರ್ಷಗಳ ವಯಸ್ಸುಂಟು.

1295ರಲ್ಲಿ, ಆಗ ಇಂಗ್ಲೆಂಡಿನ ದೊರೆಗೆ ಸೇರಿದ್ದ ಬಯೋನ್ ಪಟ್ಟಣದ ಬರ್ನಾರ್ಡ್ ಎಂಬ ವರ್ತಕನು ಒಂದು ಅಹವಾಲು ತಂದನು. ಬಾದಾಮಿ, ದ್ರಾಕ್ಷಿ, ಅಂಜೂರ ತುಂಬಿದ ಅವನ ಹಡಗು ಬಿರುಗಾಳಿಗೆ ಸಿಕ್ಕಿ ಪೋರ್ಚುಗಲ್ಲಿನ ತೀರದಲ್ಲಿ ಲಂಗರು ಹಾಕಿದಾಗ ಲಿಸ್ಬನ್ನಿನವರು ದೋಚಿದ್ದರು. ಆ ನಾಡಿನ ಅರಸನೇ ಲೂಟಿಯಲ್ಲಿ ಪಾಲು ತೆಗೆದುಕೊಂಡಿದ್ದನಂತೆ. ಇನ್ನು ದೂರು ಯಾರಿಗೆ? ಆಗ ಬರ್ನಾರ್ಡನಿಗೆ ಸಿಕ್ಕಿದ್ದು ಪ್ರತೀಕಾರದ ಸನ್ನದು: ನಷ್ಟ ತುಂಬುವವರೆಗೆ ಪೋರ್ಚುಗೀಸರ ಸರಕನ್ನು ಹಿಡಿಯಬಹುದು. ದೋಚಿದವರ ಸರಕನ್ನೇ ಎಂದಲ್ಲ, ಪೋರ್ಚುಗೀಸರ ಸರಕನ್ನು. ನನಗೆ ಈ ಒಂದು ಮಾತಿನಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆಯೆಂದು ತೋರುತ್ತದೆ.

ಇಂತಹ ಸನ್ನದೊಂದು ನಮ್ಮ ಕಾರವಾರಕ್ಕೂ ಬಂದಿತ್ತೆಂಬುದು ಹೆಚ್ಚು ಮಂದಿಗೆ ತಿಳಿಯದು. ಅದನ್ನು ತಂದವನು ಕ್ಯಾಪ್ಟನ್ ವಿಲಿಯಂ ಕಿಡ್. 1696ರಲ್ಲಿ ಇಂಗ್ಲೆಂಡಿನಿಂದ ಹೊರಟ ಅವನ 'ಅಡ್ವೆಂಚರ್ ಗ್ಯಾಲಿ' ಹಡಗಿನಲ್ಲಿ 34 ತೋಪುಗಳಿದ್ದವು. ಪೆಟ್ಟಿಗೆಯಲ್ಲಿ ಎರಡು ರಾಜಾಜ್ಞೆಗಳು. ಒಂದು ಫ್ರೆಂಚರ ಹಡಗುಗಳನ್ನು ಹಿಡಿಯಲು, ಇನ್ನೊಂದು ಕಡಲುಗಳ್ಳರನ್ನು ಹಿಡಿಯಲು. ಬಂಡವಾಳ ಹೂಡಿದವರು ಆಗಿನ ಮಂತ್ರಿವರ್ಗದ ದೊಡ್ಡ ಮನುಷ್ಯರು. ನಾವಿಕರಿಗೆ ಕರಾರು ಒಂದೇ: ಬೇಟೆ ಇಲ್ಲದಿದ್ದರೆ ಸಂಬಳವಿಲ್ಲ. ಹಸಿದವನ ಕೈಗೆ ನ್ಯಾಯದ ತಕ್ಕಡಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ತಿಂಗಳುಗಟ್ಟಲೆ ಕಳ್ಳರು ಸಿಕ್ಕಲಿಲ್ಲ. ಸಿಕ್ಕಿದ್ದೊಂದು ಸಣ್ಣ ವ್ಯಾಪಾರಿ ಹಡಗು. ಅದರ ಆಳುಗಳನ್ನು ಹಿಂಸಿಸಿ, ಅದರ ಇಂಗ್ಲಿಷ್ ನಾಯಕನನ್ನೂ ಪೋರ್ಚುಗೀಸ್ ದುಭಾಷಿಯನ್ನೂ ಕಿಡ್ ತನ್ನ ಹಡಗಿನಲ್ಲಿಯೇ ಇರಿಸಿಕೊಂಡನು.

1697ರ ಸೆಪ್ಟೆಂಬರಿನಲ್ಲಿ ಅವನು ಕಾರವಾರದಲ್ಲಿ ಲಂಗರು ಹಾಕಿದನು. ಮೆಣಸಿನ ವ್ಯಾಪಾರಕ್ಕಾಗಿ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ತಾನು ಕಡಲುಗಳ್ಳರನ್ನು ಹಿಡಿಯಲು ಬಂದ ರಾಜಸೇವಕನೆಂದು ಹೇಳಿಕೊಂಡನು. ಕೋಠಿಯವರು ಹಡಗಿಗೆ ಬಂದು ಆ ಇಬ್ಬರು ಸೆರೆಯಾಳುಗಳನ್ನು ಕೇಳಿದಾಗ, ಅಂಥವರು ತನ್ನಲ್ಲಿಲ್ಲವೆಂದುಬಿಟ್ಟನು. ಅವರು ಅದೇ ಹಡಗಿನ ತಳದಲ್ಲಿ ಅಡಗಿಸಲ್ಪಟ್ಟಿದ್ದರು! ಅವನ ಕಡೆಯ ಕೆಲವರು ಅಲ್ಲಿಯೇ ಹಡಗು ಬಿಟ್ಟು ಓಡಿಹೋಗಿ, ನಡೆದುದನ್ನು ಬಾಯಿಬಿಟ್ಟರು.

ಮುಂದಿನ ಜನವರಿಯಲ್ಲಿ, 1698ರಲ್ಲಿ, ಕೇರಳದ ಕಡಲಿನಲ್ಲಿ ಅವನಿಗೆ ದೊಡ್ಡ ಬೇಟೆ ದೊರೆಯಿತು. 'ಕ್ವೆಡಾ ಮರ್ಚೆಂಟ್' ಎಂಬ ಆ ಹಡಗು ಭಾರತೀಯರದು; ಬಾಡಿಗೆಗೆ ಹಿಡಿದವರು ಆರ್ಮೇನಿಯನ್ ವರ್ತಕರು; ನಾಯಕನು ಇಂಗ್ಲಿಷಿನವನು; ರೇಷ್ಮೆ, ಮಸ್ಲಿನ್, ಸಕ್ಕರೆಗಳ ಸರಕಿನಲ್ಲಿ ಔರಂಗಜೇಬನ ಆಸ್ಥಾನಿಕನೊಬ್ಬನ ಪಾಲೂ ಇತ್ತು. ಕಿಡ್ ತನ್ನ ಹಡಗಿನ ಮೇಲೆ ಫ್ರೆಂಚ್ ಬಾವುಟವನ್ನು ಏರಿಸಿದನು. ಅದನ್ನು ನಂಬಿ ಆ ಹಡಗಿನವರು ತಮ್ಮಲ್ಲಿದ್ದ ಫ್ರೆಂಚ್ ರಹದಾರಿಯನ್ನು, ಮುದಿ ಫ್ರೆಂಚ್ ತೋಪುಗಾರನೊಬ್ಬನ ಕೈಯಲ್ಲಿ, ಅವನೇ ನಾಯಕನೆಂಬಂತೆ ಕಳಿಸಿಕೊಟ್ಟರು. ಆ ದಿನಗಳಲ್ಲಿ ಕಡಲಿಗಿಳಿದ ವರ್ತಕರು ಕ್ಷೇಮಕ್ಕಾಗಿ ನಾನಾ ರಾಜ್ಯಗಳ ರಹದಾರಿಗಳನ್ನು ಇಟ್ಟುಕೊಳ್ಳುತ್ತಿದ್ದುದು ವಾಡಿಕೆ. ಕಿಡ್ಡನಿಗೆ ಅಷ್ಟು ಸಾಕಾಯಿತು: ರಹದಾರಿ ಫ್ರೆಂಚರದು, ಆದುದರಿಂದ ಹಡಗು ಶತ್ರುವಿನದು.

ನನ್ನ ಸ್ನೇಹಿತರ ಮೊಮ್ಮಗನಿಗೆ ಕಾಣುವುದೂ ಇಂತಹ ರಹದಾರಿಯೇ. ಕರೆ ಬಂದ ಸಂಖ್ಯೆ, ಸಂದೇಶ ಹೊರಟ ಯಂತ್ರದ ವಿಳಾಸ, ಹಣ ಇಳಿದ ಬ್ಯಾಂಕ್ ಖಾತೆ. ಯಂತ್ರ ಯಾವುದೋ ಅಂಗಡಿಯವನದಾಗಿರಬಹುದು, ಆಸ್ಪತ್ರೆಯದಾಗಿರಬಹುದು. ಕಳ್ಳನು ಅದನ್ನು ಒಡೆಯನಿಗೆ ತಿಳಿಯದಂತೆ ಹೊಕ್ಕಿರುತ್ತಾನೆ. ಖಾತೆ ಕಮಿಷನ್ನಿನ ಆಸೆಗೆ ಬಿದ್ದ ಕಾಲೇಜು ಹುಡುಗನದಾಗಿರಬಹುದು. ಕರೆ ಮಾಡಿದವನು ಸಹ ಯಾರು? ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮಂದಿ, ಕಾಂಬೋಡಿಯದಲ್ಲಿ ಸುಮಾರು 1,00,000 ಮಂದಿ ಬಲವಂತದಿಂದ ಇಂತಹ ವಂಚನೆಯ ಕೆಲಸದಲ್ಲಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತು. ನೌಕರಿಯ ಆಸೆ ತೋರಿಸಿ ಒಯ್ದ ಭಾರತೀಯ ತರುಣರೂ ಅಲ್ಲಿ ಸಿಕ್ಕಿಬಿದ್ದರು. ಲೆಕ್ಕಪತ್ರ ಅಳಿಸಿಹೋದರೆ ಮೊದಲು ಪೆಟ್ಟು ತಿನ್ನುವವರು ಅಂಥವರೇ. ಜೊತೆಗೆ, ಯಾರ ಹಣ ಎಲ್ಲಿಗೆ ಹೋಯಿತೆಂಬ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಎದುರುವಾದವೂ ಉಂಟು, ಅದನ್ನು ಮುಚ್ಚಿಡಲಾರೆ. ಜಿಮ್ ಬ್ರೌನಿಂಗ್ ಎಂಬ ಕಲ್ಪಿತ ಹೆಸರಿನ ಬ್ರಿಟಿಷನೊಬ್ಬನು ಗುರುಗ್ರಾಮದ ವಂಚಕರ ಕಚೇರಿಯೊಂದರ ಕ್ಯಾಮೆರಾಗಳಿಗೇ ಕನ್ನ ಹಾಕಿದನು. ಅವನು ಕೂಡಿಟ್ಟ ದೃಶ್ಯಗಳನ್ನು 2020ರಲ್ಲಿ ಬಿಬಿಸಿ ತೋರಿಸಿದ ಮೇಲೆಯೇ ಪೊಲೀಸರು ಅಲ್ಲಿಗೆ ನುಗ್ಗಿದರು. ಅವನು ಮಾಡಿದ್ದು ಅಕ್ರಮವೇ. ಆದರೂ ಅವನನ್ನು ಕಿಡ್ಡನ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬಾರದು. ಅವನು ನೋಡಿದನು, ಬರೆದಿಟ್ಟನು, ಬೇರೆಯವರ ಕೈಗೆ ಕೊಟ್ಟನು. ಶಿಕ್ಷೆಯನ್ನು ತಾನೇ ವಿಧಿಸಲಿಲ್ಲ.

ಯೂರೋಪಿನ ರಾಜ್ಯಗಳು 1856ರ ಪ್ಯಾರಿಸ್ ಘೋಷಣೆಯಲ್ಲಿ ಸನ್ನದಿನ ಹಡಗುಗಳನ್ನು ಕೈಬಿಟ್ಟವು. ಅಮೆರಿಕ ಅದಕ್ಕೆ ಸಹಿ ಹಾಕಲಿಲ್ಲ. ಸನ್ನದು ಕೊಡುವ ಅಧಿಕಾರ ಅಲ್ಲಿನ ಸಂವಿಧಾನದಲ್ಲಿ ಇಂದಿಗೂ ಇದೆ. ಕನ್ನಕ್ಕೆ ಗುರಿಯಾದವರು ಕನ್ನಗಾರನ ಯಂತ್ರವನ್ನು ಹೊಕ್ಕು ಗುರುತು ಹಿಡಿಯಲು ಅವಕಾಶ ಕೊಡುವ ಮಸೂದೆಯೊಂದು 2017ರಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಬಂದಿತು. ಅದು ಕಾಯಿದೆಯಾಗಲಿಲ್ಲ.

ಇದನ್ನೆಲ್ಲ ಕೇಳಿದ ಸ್ನೇಹಿತರು, "ಆ ಕಿಡ್ ಏನಾದ?" ಎಂದರು. ಸನ್ನದು ಕೊಡಿಸಿದ ದೊಡ್ಡ ಮನುಷ್ಯರು ಕೈಬಿಟ್ಟರು. 1701ರ ಮೇ 23ರಂದು ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ಹರಿಯಿತು, ಎರಡನೆಯ ಸಲ ಹರಿಯಲಿಲ್ಲ. ತನ್ನ ಪರವಾಗಿ ಅವನು ಬೇಡಿದ ಆ ಫ್ರೆಂಚ್ ರಹದಾರಿಗಳು ವಿಚಾರಣೆಯ ವೇಳೆಗೆ ಕಾಣೆಯಾಗಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಸರಕಾರಿ ದಫ್ತರದಲ್ಲಿ, ಬೇರೆ ಕಾಗದಗಳ ನಡುವೆ ಸಿಕ್ಕಿದವು. ಅವು ಸಿಕ್ಕಿದ್ದರಿಂದ ಅವನು ನಿರ್ದೋಷಿಯಾದನೆಂದು ನಾನು ಹೇಳಲಾರೆ.

"ಹಾಗಾದರೆ ನನ್ನ ಹಣ?" ಎಂದರು ಸ್ನೇಹಿತರು. ಹುಡುಗ ಇದುವರೆಗೆ ಗುರುತಿಸಿಕೊಂಡಿರುವ ಸಂಖ್ಯೆ, ಖಾತೆಗಳನ್ನೆಲ್ಲ ಬರೆದು ದೂರಿನ ಜೊತೆಗೆ ಸೇರಿಸಲಿ ಎಂದೆ. ಹಣ ಬರುವುದೆಂದು ಹೇಳುವ ಧೈರ್ಯ ನನಗಾಗಲಿಲ್ಲ.