ತಾಲ್ಲೂಕು ಕಚೇರಿಯ ಸರ್ವರ್‌ನಿಂದ ಅಂಗೈಯಗಲದ ಸರ್ವರ್‌ವರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದಾಗಲೇ ಈ ಊರುಗಳಿಗೆ ಸರ್ವರ್ ಬಂದಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. ತಾಲ್ಲೂಕು ಕಚೇರಿಗೊಂದು ಸರ್ವರ್. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದು ವೆಬ್ ಸರ್ವರ್ ಆಗಿರಲಿಲ್ಲ, ಕಚೇರಿಯೊಳಗಿನ ಡೇಟಾಬೇಸ್ ಯಂತ್ರವಷ್ಟೇ. ಆದರೂ ಊರಿನ ದಾಖಲೆ ಊರಿನಲ್ಲೇ ಇತ್ತು. ಮುಂದೆ ಆ ದತ್ತಾಂಶವೆಲ್ಲ ರಾಜ್ಯಮಟ್ಟದ ದತ್ತಾಂಶ ಕೇಂದ್ರ ಸೇರಿತು. ಪಹಣಿಯನ್ನು ಎಲ್ಲಿಂದ ಬೇಕಾದರೂ ನೋಡಬಹುದಾಯಿತು. ದಾಖಲೆಯ ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಡೆಯೇ. ಆದರೆ ಅದರ ಜೊತೆಗೆ ‘ಸರ್ವರ್ ನಮ್ಮ ಊರಿನದಲ್ಲ’ ಎಂಬ ಭಾವನೆಯೂ ಬೇರೂರಿತು. ಗ್ರಾಮ ಒನ್ ಕೇಂದ್ರದಲ್ಲಿ ‘ಸರ್ವರ್ ಡೌನ್’ ಎಂದರೆ ಮಳೆ ಬರಲಿಲ್ಲ ಎಂದಂತೆ ಕೇಳಿಸಿಕೊಂಡು ಹಿಂದಿರುಗುತ್ತೇವೆ. ಸಣ್ಣ ಊರುಗಳಲ್ಲಿ ಸರ್ವರ್ ನಡೆಸುವ ವಿದ್ಯೆ ಉಳಿಯಬೇಕು, ಹಗುರ ವೆಬ್ ಸರ್ವರ್‌ಗಳು ಅದನ್ನು ಸಾಧ್ಯವಾಗಿಸಿವೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ವೆಬ್ ಸರ್ವರ್ ಹುಟ್ಟಿದಾಗ ಹಗುರವಾಗಿಯೇ ಇತ್ತು. 1990ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಬರೆದ ತಂತ್ರಾಂಶದ ಕೆಲಸ, ಕೇಳಿದ ಕಡತವನ್ನು ಕಳಿಸುವುದು. 1995ರಲ್ಲಿ ಬಂದ ಅಪಾಚೆ ಜಗತ್ತನ್ನೇ ಆವರಿಸಿತು. ಬೇಕಾದ ಸೌಲಭ್ಯವನ್ನೆಲ್ಲ ಮಾಡ್ಯೂಲುಗಳಾಗಿ ಸೇರಿಸಿಕೊಳ್ಳುವುದು ಅದರ ಬಲ. ಆದರೆ ಅದರ ಹಳೆಯ ವಿಧಾನದಲ್ಲಿ ಬಂದ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್ ಮೀಸಲು. ಇದರ ಕಷ್ಟ ತಿಳಿಯಲು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಯಬೇಕು. ಅಲ್ಲಿ ಈಗ ನಡೆಯುವುದು ಇ-ಹರಾಜು. ನೂರಾರು ರೀಲರ್‌ಗಳು ಏಕಕಾಲಕ್ಕೆ ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ ಎಂದುಕೊಳ್ಳಿ. ಒಬ್ಬೊಬ್ಬರ ನೆಟ್‌ವರ್ಕ್ ಒಂದೊಂದು ವೇಗದ್ದು. ನಿಧಾನದ ಮೊಬೈಲು ಉತ್ತರವನ್ನು ಪೂರ್ತಿ ಇಳಿಸಿಕೊಳ್ಳುವ ತನಕ ಅದಕ್ಕೆ ಮೀಸಲಾದ ಪ್ರೊಸೆಸ್ ಮೆಮೊರಿ ಹಿಡಿದುಕೊಂಡು ಸುಮ್ಮನೆ ಕಾಯುತ್ತದೆ. ಸಂಪರ್ಕಗಳು ಹೆಚ್ಚಿದಂತೆ ಕೆಲಸವಿಲ್ಲದೆಯೇ ಯಂತ್ರ ಬಸವಳಿಯುತ್ತದೆ.

1999ರಲ್ಲಿ ಡ್ಯಾನ್ ಕೆಗಲ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು: ಒಂದೇ ಯಂತ್ರ 10,000 ಸಂಪರ್ಕಗಳನ್ನು ಒಟ್ಟಿಗೆ ನಿಭಾಯಿಸುವುದು ಹೇಗೆ? ಉತ್ತರವಾಗಿ 2003ರಲ್ಲಿ ಯಾನ್ ಕ್ನೆಶ್ಕೆ ಅವರ ಲೈಟಿ, 2004ರಲ್ಲಿ ಇಗೋರ್ ಸಿಸೋಯೆವ್ ಅವರ ಎಂಜಿನ್-ಎಕ್ಸ್ ಬಂದವು. ಇವುಗಳಲ್ಲಿ ಕೆಲವೇ ಪ್ರೊಸೆಸ್‌ಗಳು ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುತ್ತವೆ. ಯಾವುದಾದರೂ ಸಂಪರ್ಕದಲ್ಲಿ ಏನಾದರೂ ನಡೆಯಿತೆಂದು ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆ ತಿಳಿಸಿದಾಗ ಮಾತ್ರ ಅದರತ್ತ ತಿರುಗುತ್ತವೆ. ಮೆಮೊರಿಯ ಖರ್ಚು ಇಳಿಯಿತು. ಅಪಾಚೆಯೂ ಆಮೇಲೆ ಇದೇ ದಾರಿಯತ್ತ ಬಂತು. 2015ರಲ್ಲಿ ಬಂದ ಕ್ಯಾಡಿ, ಭದ್ರ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರವನ್ನು ತಾನೇ ಪಡೆದು ತಾನೇ ನವೀಕರಿಸುತ್ತದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕನ್ನಡದ ಪುಟಗಳ ಪಾಡನ್ನು ಹೇಳುವುದಿಲ್ಲ. ಅಪಾಚೆ 2.0ರ ಸಿದ್ಧ ಸಂರಚನೆಯಲ್ಲಿ, ಪುಟಗಳೆಲ್ಲ ಪಶ್ಚಿಮ ಯುರೋಪಿನ ಅಕ್ಷರಸಂಕೇತದಲ್ಲಿವೆ ಎಂದು ಸಾರುವ ಒಂದು ಸಾಲಿತ್ತು. ಸರ್ವರ್ ಹೀಗೆ ಸಾರಿದರೆ ಬ್ರೌಸರ್ ಪುಟದೊಳಗಿನ ಘೋಷಣೆಗಿಂತ ಸರ್ವರ್ ಮಾತನ್ನೇ ನಂಬುತ್ತದೆ. ಯೂನಿಕೋಡ್ ಕನ್ನಡ ಚಿತ್ರವಿಚಿತ್ರ ಗುರುತುಗಳಾಗುತ್ತದೆ. ನಂತರದ ಆವೃತ್ತಿಯಲ್ಲಿ ಆ ಸಾಲನ್ನು ತೆಗೆದರು. ಎಂಜಿನ್-ಎಕ್ಸ್ ತಾನಾಗಿ ಏನನ್ನೂ ಸಾರುವುದಿಲ್ಲ. ‘ಚಾರ್‌ಸೆಟ್ ಯುಟಿಎಫ್-8’ ಎಂಬ ಒಂದು ಸಾಲನ್ನು ನಾವೇ ಸೇರಿಸುವುದು ಕ್ಷೇಮ. ಎರಡನೆಯದು ತೂಕದ ವಿಷಯ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ್ಷಿ’ ಬರೆಯಲು ನಾಲ್ಕು ಸಂಕೇತ, ಅಂದರೆ 12 ಬೈಟ್. ಆದರೆ ಆ ಮೂರರಲ್ಲಿ ಮೊದಲ ಬೈಟ್ ಸದಾ ಒಂದೇ ಆಗಿರುವುದರಿಂದ ಜಿಜಿಪ್ ಸಂಕೋಚನ ಕನ್ನಡ ಪಠ್ಯವನ್ನು ಚೆನ್ನಾಗಿ ಕುಗ್ಗಿಸುತ್ತದೆ. ಎಂಜಿನ್-ಎಕ್ಸ್‌ನಲ್ಲಿ ಅದನ್ನು ಚಾಲೂ ಮಾಡಿದರೂ ಎಚ್‌ಟಿಎಂಎಲ್‌ಗೆ ಮಾತ್ರ ಅನ್ವಯಿಸುತ್ತದೆ. ಜೇಸನ್, ಸ್ಕ್ರಿಪ್ಟ್ ಕಡತಗಳನ್ನೂ ಪಟ್ಟಿಗೆ ಸೇರಿಸಬೇಕು. ಬೆಟ್ಟದ ಮರೆಯಲ್ಲಿ ಸಿಗ್ನಲ್ ಕ್ಷೀಣಿಸುವ ಊರಿನ ಓದುಗರಿಗೆ ಈ ಒಂದು ಸಾಲಿನಿಂದ ಆಗುವ ಉಪಕಾರ ಸಣ್ಣದಲ್ಲ.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಸರ್ವರ್ ಯಂತ್ರವನ್ನು ಅಂಗೈಯಗಲಕ್ಕೆ ಇಳಿಸಿತು. ಮಾಗಡಿಯ ನೆರೆಯ ತುಮಕೂರು ಜಿಲ್ಲೆಯಲ್ಲಿ, ದೇವರಾಯನದುರ್ಗದ ಬೆಟ್ಟಗಳ ನಡುವೆ, ಜನಸ್ತು ಸಂಸ್ಥೆ ಹಳ್ಳಿಯವರದ್ದೇ ವೈಫೈ ಜಾಲ ಕಟ್ಟುವ, ಇಂಟರ್ನೆಟ್ಟಿನ ಹಂಗಿಲ್ಲದೆ ಧ್ವನಿ-ಚಿತ್ರಗಳನ್ನು ಸ್ಥಳೀಯವಾಗಿಯೇ ಹಂಚುವ ಪ್ರಯೋಗಗಳನ್ನು ನಡೆಸುತ್ತ ಬಂದಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೂ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಇದು ಸಾಧ್ಯ. ಕಿವಿಕ್ಸ್ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯದ ಪ್ರತಿಯನ್ನು ಒಮ್ಮೆ ಇಳಿಸಿಕೊಂಡರೆ, ಕೇಂದ್ರದ ವೈಫೈಗೆ ಸೇರಿದ ಮಕ್ಕಳೆಲ್ಲ ಡೇಟಾ ಖರ್ಚಿಲ್ಲದೆ ಓದಬಹುದು. ಇಲ್ಲಿ ಕಾಡುವುದು ಕರೆಂಟು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಅಪಾಯವಿದೆ. ಚಿಕ್ಕ ಯುಪಿಎಸ್ ಇರಲಿ, ಲಾಗ್ ಬರಹ ಆದಷ್ಟು ಕಡಿಮೆಯಾಗಲಿ, ಕಾರ್ಡಿನ ಇನ್ನೊಂದು ಪ್ರತಿ ಬೀರುವಿನಲ್ಲಿರಲಿ.

ಹೊರಜಗತ್ತಿಗೆ ತೆರೆಯುವ ತಾಣದ ಲೆಕ್ಕ ಬೇರೆ. ಮನೆ, ಅಂಗಡಿಗಳ ಎಷ್ಟೋ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ವಿಳಾಸವೇ ಇರುವುದಿಲ್ಲ. ಹೊರಗಿನವರು ಒಳಗೆ ಬರಲಾರರು. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ತಮ್ಮ ಗೊಂಬೆಗಳ ಪಟ್ಟಿಯನ್ನು ತಾವೇ ಪ್ರಕಟಿಸುವುದಾದರೆ 1 ಜಿಬಿ ಮೆಮೊರಿಯ ಬಾಡಿಗೆ ಯಂತ್ರ ಸಾಕು. ಎಂಜಿನ್-ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡ ಕಡತವನ್ನು ಒಳಬಿಡುವುದಿಲ್ಲ. ಮೊಬೈಲಿನ ಫೋಟೋ ಅದನ್ನು ಸುಲಭವಾಗಿ ಮೀರುತ್ತದೆ. ಆ ಮಿತಿಯನ್ನು 10 ಎಂಬಿಗೆ ಏರಿಸಿ, ಸಂರಚನೆಯನ್ನು ಪರೀಕ್ಷಿಸುವ ಆಜ್ಞೆಯನ್ನು ಓಡಿಸಿ, ಆಮೇಲೆ ಸರ್ವರ್‌ಗೆ ಹೊಸ ಸಂರಚನೆ ಓದಿಸಿದರೆ ಚಿತ್ರಗಳು ಏರುತ್ತವೆ.