ಹೊಲವನ್ನು ಮೇಯ್ದ ಬೇಲಿ

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂಬುದು ನಮ್ಮಲ್ಲಿ ಬಹುಕಾಲದ ಮಾತು. ದೇಹವನ್ನು ಕಾಯಬೇಕಾದ ಶಕ್ತಿಯೇ ಒಮ್ಮೊಮ್ಮೆ ದೇಹದ ಮೇಲೆ ತಿರುಗಿಬೀಳುವುದೆಂಬ ಸಂಗತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರು ದೊರೆತುದು 1902ರಲ್ಲಿ.

ಅದರ ಹಿಂದಿನ ವರ್ಷ ಮೊನಾಕೋ ಸಂಸ್ಥಾನದ ದೊರೆ ಮೊದಲನೆಯ ಆಲ್ಬರ್ಟನ ನೌಕೆಯಲ್ಲಿ ಶಾರ್ಲ್ ರಿಶೆ, ಪಾಲ್ ಪೋರ್ತಿಯೇ ಎಂಬ ಫ್ರೆಂಚ್ ವಿದ್ವಾಂಸರಿಬ್ಬರು ಕಡಲಜೀವಿಗಳ ವಿಷವನ್ನು ಪರೀಕ್ಷಿಸುತ್ತಿದ್ದರು. ಪ್ಯಾರಿಸಿಗೆ ಮರಳಿದ ತರುವಾಯ, ಹೂವಿನಂತೆ ತೋರುವ ಒಂದು ಕಡಲಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದರು. ಮೊದಲು ಅಲ್ಪವಾಗಿ ಸೇರಿದ ವಿಷವು ದೇಹವನ್ನು ಗಟ್ಟಿಮಾಡುವುದೆಂಬುದು ಜೆನ್ನರ್, ಪಾಸ್ಚರ್ ಮೊದಲಾದವರ ಕಾಲದಿಂದ ಬಂದ ತಿಳಿವಳಿಕೆ. ಆದರೆ ನೆಪ್ಚೂನ್ ಎಂಬ ಬಲಿಷ್ಠವಾದ ನಾಯಿಯು ಮೊದಲ ಚುಚ್ಚನ್ನು ಸುಖವಾಗಿ ತಾಳಿಕೊಂಡು, ಕೆಲವು ವಾರಗಳ ಮೇಲೆ ಎರಡನೆಯ ಚುಚ್ಚಿಗೆ ಏದುಸಿರುಬಿಟ್ಟು, 25 ನಿಮಿಷಗಳಲ್ಲಿ ಸತ್ತುಹೋಯಿತು. ರಕ್ಷಣೆಗೆ ವಿಪರೀತವಾದುದೆಂಬ ಅರ್ಥದಲ್ಲಿ ರಿಶೆಯು ಇದನ್ನು ‘ಅನಾಫಿಲಾಕ್ಸಿಸ್’ ಎಂದು ಕರೆದನು. 1913ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು.

ಇತ್ತ ವಿಯೆನ್ನಾ ನಗರದಲ್ಲಿ ಪಿರ್ಕೆ, ಷಿಕ್ ಎಂಬ ವೈದ್ಯರು, ಕುದುರೆಯ ರಕ್ತದಿಂದ ತೆಗೆದ ಔಷಧದ್ರವವನ್ನು ಪಡೆದ ಮಕ್ಕಳಲ್ಲಿ ಜ್ವರ, ದದ್ದು, ಕೀಲುನೋವುಗಳನ್ನು ಕಂಡು 1905ರಲ್ಲಿ ಗ್ರಂಥವನ್ನು ಬರೆದರು. ‘ಅಲರ್ಜಿ’ ಎಂಬ ಶಬ್ದವನ್ನು ಪಿರ್ಕೆಯು ಸೃಷ್ಟಿಸಿದುದು ಮರುವರ್ಷ.

ಈ ವಿಕಾರವು ತೀವ್ರವಾದಾಗ ರಕ್ತನಾಳಗಳು ಸಡಿಲಗೊಂಡು, ಅವುಗಳೊಳಗಿನ ದ್ರವವು ಹೊರಗೆ ಸೋರಿ, ರಕ್ತದ ಒತ್ತಡವು ಕುಸಿಯುತ್ತದೆ. ಹೃದಯವು ಎಷ್ಟು ವೇಗವಾಗಿ ಬಡಿದರೂ ಅದಕ್ಕೆ ಮರಳಿ ಬರುವ ರಕ್ತವೇ ಸಾಲದು. ಇಷ್ಟು ಮಾತ್ರವಲ್ಲ, ಅಲರ್ಜಿಯಲ್ಲಿ ಹೊರಬೀಳುವ ಹಿಸ್ಟಮಿನ್ ಮೊದಲಾದ ದ್ರವ್ಯಗಳಿಂದ ಹೃದಯವನ್ನು ಪೋಷಿಸುವ ನಾಳಗಳೇ ಬಿಗಿದುಕೊಂಡು ಎದೆನೋವು ಬರಬಹುದೆಂಬುದನ್ನು ಗ್ರೀಸಿನ ಕೌನಿಸ್ ಎಂಬ ವೈದ್ಯನು 1991ರಲ್ಲಿ ವಿವರಿಸಿದನು. ನಾಳಗಳಲ್ಲಿ ಮೊದಲು ಯಾವ ದೋಷವೂ ಇಲ್ಲದವರಿಗೂ ಇದು ಸಂಭವಿಸಬಹುದು.

ಲಸಿಕೆಯಿಂದ ಇಂಥ ತೀವ್ರ ವಿಕಾರವುಂಟಾಗುವುದು ಸಾಮಾನ್ಯವಾಗಿ ಹತ್ತು ಲಕ್ಷ ಚುಚ್ಚುಗಳಲ್ಲಿ ಒಂದೆರಡು ಸಲ ಮಾತ್ರ. ಬಹುಮಟ್ಟಿಗೆ ಅದು ಕೆಲವೇ ನಿಮಿಷಗಳಲ್ಲಿ ತೋರಿಕೊಳ್ಳುತ್ತದೆ. ಆಗ ತೊಡೆಯ ಸ್ನಾಯುವಿಗೆ ತಡಮಾಡದೆ ಕೊಟ್ಟ ಅಡ್ರಿನಲಿನ್ ನಾಳಗಳನ್ನು ಬಿಗಿಗೊಳಿಸಿ, ಉಸಿರಿನ ದಾರಿಯನ್ನು ತೆರೆದು, ಹೃದಯಕ್ಕೆ ಬಲವೀಯುತ್ತದೆ. ಚುಚ್ಚಿಸಿಕೊಂಡವರನ್ನು ಕಾಲುಗಂಟೆ ಅಲ್ಲಿಯೇ ಕುಳ್ಳಿರಿಸುವುದು ಈ ಕಾರಣದಿಂದಲೇ. ಅವಸರಪಟ್ಟು ಎದ್ದುಹೋಗುವವರು ಇದನ್ನರಿಯರು.

ಒಮ್ಮೆ ಮೇಯ್ದಿತೆಂದು ಬೇಲಿಯನ್ನೇ ಕಿತ್ತೆಸೆದವನಿಗೆ ಹೊಲವು ಉಳಿಯದು. ಬೇಲಿಯೂ ಇರಬೇಕು, ಅದರ ಮೇಲೆ ಒಂದು ಕಣ್ಣೂ ಇರಬೇಕು. ನೆಪ್ಚೂನನ ಆ 25 ನಿಮಿಷಗಳು ಕಲಿಸಿದ ಪಾಠವಿಷ್ಟೆ.