ಕುಡುಗೋಲು ಕಣ ರೋಗ: ಕಾಡಂಚಿನಿಂದ ಕೈಗಾರಿಕಾ ಪ್ರದೇಶಕ್ಕೆ

ಕುಡುಗೋಲು ಕಣ ರೋಗ ಅಥವಾ ಸಿಕಲ್ ಸೆಲ್ ಅನೀಮಿಯಾ ತಂದೆತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ದೋಷಯುಕ್ತ ಹಿಮೊಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದುಂಡಗೆ ಮೆತ್ತಗಿದ್ದ ಕೆಂಪು ರಕ್ತಕಣ ಬಾಗಿ ಗಡುಸಾಗುತ್ತದೆ. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಸಾಮಾನ್ಯ ಕಣದ ಆಯಸ್ಸು ಸುಮಾರು 120 ದಿನವಾದರೆ ಕುಡುಗೋಲು ಕಣ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಹಾಗಾಗಿ ರಕ್ತಹೀನತೆಯೂ ಬೆನ್ನು ಬಿಡುವುದಿಲ್ಲ.

1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಈ ಕಣಗಳನ್ನು ಮೊದಲು ವರದಿ ಮಾಡಿದರು. ದೋಷ ಹಿಮೊಗ್ಲೋಬಿನ್ ಅಣುವಿನಲ್ಲೇ ಇದೆಯೆಂದು ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ಒಂದೇ ಒಂದು ಅಮೈನೊ ಆಮ್ಲ ಬದಲಾದದ್ದೇ ಇದಕ್ಕೆ ಕಾರಣವೆಂಬುದನ್ನು ವರ್ನನ್ ಇಂಗ್ರಾಂ 1950ರ ದಶಕದಲ್ಲಿ ಕಂಡುಹಿಡಿದರು. ಒಬ್ಬ ಪಾಲಕರಿಂದ ಮಾತ್ರ ಈ ದೋಷದ ವಂಶವಾಹಿ ಪಡೆದವರು ವಾಹಕರು. ಅವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದರು. ಮಲೇರಿಯಾ ಹೆಚ್ಚಿದ್ದ ಕಾಡುನಾಡುಗಳಲ್ಲಿ ಈ ವಂಶವಾಹಿ ಉಳಿದು ಬಂದದ್ದು ಹೀಗೆ.

ಭಾರತದಲ್ಲಿ ಇದು 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಪತ್ತೆಯಾಯಿತು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಯ ಪತ್ತೆಗೆ ಕೈಹಾಕಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಕರ್ನಾಟಕ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು.

ಆದರೆ ಕಾಯಿಲೆ ಇರುವವರು ಕಾಡಂಚಿನಲ್ಲೇ ಉಳಿದಿಲ್ಲ. ಪಶ್ಚಿಮ ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್, ವಿದರ್ಭಗಳಲ್ಲಿ ಈ ವಂಶವಾಹಿ ಹೆಚ್ಚು. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪ್, ಬೊಮ್ಮಸಂದ್ರದ ಫ್ಯಾಕ್ಟರಿ, ವೈಟ್‌ಫೀಲ್ಡಿನ ಕಟ್ಟಡ ಕಾಮಗಾರಿಗಳಿಗೆ ಆ ಕಡೆಯಿಂದಲೂ ಜನ ಬರುತ್ತಾರೆ. ಮೈಯಲ್ಲಿ ನೀರು ಕಡಿಮೆಯಾಗುವುದು, ಚಳಿ, ಅತಿ ದಣಿವು, ಸೋಂಕು ಇವೆಲ್ಲ ನೋವನ್ನು ಕೆರಳಿಸುತ್ತವೆ. ಕುಲುಮೆಯ ಪಕ್ಕ ಬೆವರು ಸುರಿಸುವ ಕೆಲಸ, ಎಸಿ ಹಾಲ್‌ನ ರಾತ್ರಿ ಪಾಳಿ, ಶೌಚಾಲಯ ದೂರವೆಂದು ನೀರು ಕುಡಿಯದೆ ದಿನ ದೂಡುವ ಅಭ್ಯಾಸ ಇವರಿಗೆ ಅಪಾಯಕಾರಿ. ಕೈಕಾಲು ನೋವೆಂದು ಬಂದವರಿಗೆ ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ, ಹಿಮೊಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಮೂಲ ಕಾಯಿಲೆ ಮರೆಯಲ್ಲೇ ಉಳಿಯುತ್ತದೆ.

ಪತ್ತೆಯ ಮೊದಲ ಹೆಜ್ಜೆ ಸುಲಭ: ತೊಟ್ಟು ರಕ್ತವನ್ನು ದ್ರಾವಣಕ್ಕೆ ಹಾಕಿದಾಗ ಅದು ಕದಡಿ, ಟ್ಯೂಬಿನ ಹಿಂದಿಟ್ಟ ಗೆರೆಗಳು ಕಾಣದಂತಾದರೆ ದೋಷವಿದೆಯೆಂದು ಅರ್ಥ. ಅದು ರೋಗವೋ ಬರೀ ವಾಹಕತ್ವವೋ ಎಂದು ತಿಳಿಯಲು ಹಿಮೊಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಗಂಡಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಇಂಥ ದಂಪತಿಗೆ ವಂಶವಾಹಿ ಸಲಹೆ ಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆನುವಂಶಿಕ ಕಾಯಿಲೆಗಳಿಗೇ ಮೀಸಲಾದ ಸಂಸ್ಥೆ.

ಚಿಕಿತ್ಸೆಯ ಬೆನ್ನೆಲುಬು ಹೈಡ್ರಾಕ್ಸಿಯೂರಿಯಾ. ಇದು ನೋವಿನ ದಾಳಿಗಳನ್ನು ತಗ್ಗಿಸುತ್ತದೆಂದು 1995ರಲ್ಲಿ ಅಮೆರಿಕದ ಪ್ರಯೋಗವೊಂದು ಸಾಬೀತುಪಡಿಸಿತು. ಮಾತ್ರೆಯನ್ನು ತಪ್ಪದೆ ನುಂಗಬೇಕು, ಆಗಾಗ ರಕ್ತಕಣ ಎಣಿಸಬೇಕು. ಚಿಕ್ಕ ಮಕ್ಕಳಿಗೆ ಪೆನಿಸಿಲಿನ್ ಹಾಗೂ ನ್ಯುಮೋನಿಯಾ ಲಸಿಕೆ ಜೀವರಕ್ಷಕ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ರೋಗ ಗುಣವಾಗಬಹುದು. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಕಸಿಯ ಸೌಲಭ್ಯವಿದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ, ವಂಶವಾಹಿ ತಿದ್ದುವ ಕ್ರಿಸ್ಪರ್ ತಂತ್ರ ಆಧಾರಿತ ಚಿಕಿತ್ಸೆಗೆ ಅಲ್ಲಿ 22 ಲಕ್ಷ ಡಾಲರ್ ಬೆಲೆ. ಕಾರ್ಮಿಕರ ಕೈಗೆ ಎಟುಕುವ ಮಾತಲ್ಲ.

ಬದುಕಿಗೆ ಆಸರೆಯಾಗುವ ಕಾನೂನುಗಳೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗ ಸೇರಿದೆ. ಇಎಸ್‌ಐ ಕಾರ್ಡ್ ಇರುವ ಅರ್ಹ ಕಾರ್ಮಿಕರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಗುತ್ತಿಗೆ ಕಾರ್ಮಿಕರು ತಮ್ಮ ಹೆಸರು ಇಎಸ್‌ಐನಲ್ಲಿ ನೋಂದಣಿಯಾಗಿದೆಯೇ ಎಂದು ಮೇಸ್ತ್ರಿಯ ಬಳಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಜ್ವರದ ಜೊತೆ ಎದೆನೋವು, ಏದುಸಿರು ಕಂಡರೆ ಪಾಳಿ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂಳೆನೋವು, ರಕ್ತಹೀನತೆ ಪದೇ ಪದೇ ಕಾಡುವ ಕಾರ್ಮಿಕರನ್ನು ವೈದ್ಯರು ಊರು ಯಾವುದೆಂದು ಕೇಳಿ, ಒಮ್ಮೆಯಾದರೂ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸುವುದು ಅಗತ್ಯ.